ಕಾಫಿ ಲೋಟದೆದುರು ಒಂದು ಕುರ್ಚಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಗಾದೆ. ಮಕ್ಕಳು ಮನೆಯಲ್ಲಿರುವಷ್ಟು ದಿನ ಗಾದೆಯ ಮೊದಲರ್ಧದ ಹೊಣೆ ತಾಯಿಯದು. ಮಗನೋ ಮಗಳೋ ಪಿ.ಯು.ಸಿ. ಮುಗಿಸಿ ಬೆಂಗಳೂರಿನ ಕಾಲೇಜು ಸೇರಿದ ದಿನದಿಂದ ಆ ಹೊಣೆ ಅವರವರದೇ ಆಗುತ್ತದೆ. ಸೀಟು ಸಿಕ್ಕಿತೇ, ಹಾಸ್ಟೆಲ್ ಗೊತ್ತಾಯಿತೇ, ಬಸ್ ಪಾಸ್ ಬಂತೇ ಎಂದು ಹತ್ತು ಸಲ ವಿಚಾರಿಸುವ ಹೆತ್ತವರು ಕಡೆಗೆ ಕೇಳುವ ಪ್ರಶ್ನೆ, 'ಊಟಕ್ಕೇನು ಮಾಡ್ತೀಯಪ್ಪ?' ಅದಕ್ಕೆ ಬರುವ ಉತ್ತರವೂ ಒಂದೇ, 'ಹೋಟೆಲ್ ಇದೆಯಲ್ಲ!'

ಹೋಟೆಲೇನೋ ಇದೆ. ಬೆಂಗಳೂರಿನಲ್ಲಿ ಬೀದಿಗೆ ನಾಲ್ಕು ಇವೆ. ಆದರೆ ಎಲ್ಲಿ ತಿನ್ನಬೇಕು, ಎಲ್ಲಿ ದಿನವೂ ತಿನ್ನಬಹುದು, ಎಲ್ಲಿಗೆ ತಿಂಗಳಿಗೊಮ್ಮೆ ಹೋದರೆ ಸಾಕು ಎಂಬ ತಿಳಿವಳಿಕೆ ಬರುವ ಹೊತ್ತಿಗೆ ಮೂರು ವರ್ಷದ ಡಿಗ್ರಿಯೇ ಮುಗಿದುಹೋಗಿರುತ್ತದೆ. ಈ ಊರಿನ ಹೋಟೆಲುಗಳ ಬಗ್ಗೆ ಬರೆದವರು ಬಹಳ. ಅವರೆಲ್ಲರೂ ಹೆಚ್ಚಾಗಿ ನಾಲಿಗೆಯ ಮಾತು ಕೇಳಿ ಬರೆದವರು. ಜೇಬಿನಲ್ಲಿ ಎಣಿಸಿದ ನೋಟುಗಳನ್ನಿಟ್ಟುಕೊಂಡು, ಮುಂದಿನ ಕ್ಲಾಸಿಗೆ ಅರ್ಧ ಗಂಟೆ ಇರುವಾಗ ಒಳಗೆ ಬರುವ ವಿದ್ಯಾರ್ಥಿ ನೋಡಬೇಕಾದದ್ದು ರುಚಿಯೊಂದನ್ನೇ ಅಲ್ಲ. ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬುತ್ತದೆಯೇ, ತಿಂದದ್ದು ಅರಗುತ್ತದೆಯೇ, ಹತ್ತು ನಿಮಿಷ ಕೂರಲು ಒಂದು ಕುರ್ಚಿ ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗಳೂ ಅವನಿಗೆ ಮುಖ್ಯ. ಬೆಂಗಳೂರಿನ ಹೆಸರಾಂತ ಹೋಟೆಲುಗಳನ್ನು ಈ ಮೂರು ಪ್ರಶ್ನೆಗಳ ಎದುರು ನಿಲ್ಲಿಸಿ ನೋಡಿದರೆ ತಮಾಷೆಯ ಸಂಗತಿಗಳು ಹೊರಬೀಳುತ್ತವೆ.

ವಾರಾನ್ನದಿಂದ ಮಸಾಲೆ ದೋಸೆಗೆ

ಓದಲು ಪಟ್ಟಣಕ್ಕೆ ಬಂದ ಹುಡುಗನ ಹೊಟ್ಟೆಯ ಚಿಂತೆ ಹೊಸದೇನಲ್ಲ. ಹಿಂದೆ ಅದಕ್ಕೆ ವಾರಾನ್ನ ಎಂಬ ಏರ್ಪಾಡಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದಿದವರ ಒಂದು ತಲೆಮಾರೇ ಕನ್ನಡ ನಾಡಿನಲ್ಲಿತ್ತು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಜಾತಿಗಳ ಹೆಸರಿನಲ್ಲಿ ವಿದ್ಯಾರ್ಥಿ ನಿಲಯಗಳು ಬಂದವು, ಮಠಗಳು ಅನ್ನದ ಜೊತೆ ಅಕ್ಷರವನ್ನೂ ಕೊಟ್ಟವು. ಊಟಕ್ಕೆ ಹೀಗೊಂದು ದಾರಿಯಾಯಿತು. ಸಂಜೆಯ ತಿಂಡಿಗೆ ದಾರಿ ಮಾಡಿಕೊಟ್ಟವರು ಕರಾವಳಿಯಿಂದ ಬಂದ ಹೋಟೆಲಿನವರು.

ಗಾಂಧಿ ಬಜಾರಿನ 'ವಿದ್ಯಾರ್ಥಿ ಭವನ'ದ ಹೆಸರೇ ಅದಕ್ಕೆ ಸಾಕ್ಷಿ. 1943ರಲ್ಲಿ ವೆಂಕಟರಮಣ ಉರಾಳರು ಇದನ್ನು ಆರಂಭಿಸಿದಾಗ ಕಣ್ಣೆದುರಿಗಿದ್ದವರು ಬಸವನಗುಡಿಯ ಸುತ್ತಮುತ್ತ ಓದುತ್ತಿದ್ದ ಹುಡುಗರು. 1970ರಲ್ಲಿ ರಾಮಕೃಷ್ಣ ಅಡಿಗರು ವಹಿಸಿಕೊಂಡ ಮೇಲೆಯೂ ಹೆಸರು ಬದಲಾಗಲಿಲ್ಲ, ಜಾಗ ಬದಲಾಗಲಿಲ್ಲ. ಇಲ್ಲಿನ ಮಸಾಲೆ ದೋಸೆ ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಮೇಲೆ ಧಾರಾಳವಾಗಿ ಚಟ್ನಿ ಸುರಿಯುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ಹತ್ತು ಹದಿನೈದು ತಟ್ಟೆ ಪೇರಿಸಿಕೊಂಡು ಸಪ್ಲೈಯರ್ ನಡೆದು ಬರುವುದನ್ನು ನೋಡುವುದಕ್ಕೇ ಜನ ಬರುತ್ತಾರೆ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ಕೆಳಗೆ, ಪರಸ್ಪರ ಪರಿಚಯವಿಲ್ಲದ ನಾಲ್ವರು ಒಂದೇ ಮೇಜಿನ ಸುತ್ತ. ಎದುರಿಗೆ ಕೂತವರು ನ್ಯಾಯಾಧೀಶರೋ ತರಕಾರಿ ವ್ಯಾಪಾರಿಯೋ ತಿಳಿಯದು, ದೋಸೆ ಮಾತ್ರ ಇಬ್ಬರದೂ ಒಂದೇ.

ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಇದು ದಿನನಿತ್ಯದ ಹೋಟೆಲಲ್ಲ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಹಿಂದೆ ಕಾಯುವವರ ಕಣ್ಣು ಬೆನ್ನಿಗೆ ಚುಚ್ಚುವಾಗ ಪುಸ್ತಕ ಬಿಚ್ಚುವಂತಿಲ್ಲ. ಹೋಗುವುದಾದರೆ ವಾರದ ನಡುವೆ, ಮಧ್ಯಾಹ್ನದ ತಿಂಡಿಯ ಹೊತ್ತಿಗೆ ಹೋಗಬೇಕು. ಶುಕ್ರವಾರ ಹೋಗಬಾರದು, ಅಂದು ರಜೆ.

ಬಸವನಗುಡಿಯವರ ಮುಂದೆ ವಿದ್ಯಾರ್ಥಿ ಭವನವನ್ನು ಹೊಗಳಿದಷ್ಟೇ ಸಲೀಸಾಗಿ ಮಲ್ಲೇಶ್ವರದವರ ಮುಂದೆ ಹೊಗಳಲಾಗದು. ಅವರಿಗೆ ತಮ್ಮ ಸಿ.ಟಿ.ಆರ್. ಇದೆ. ಮಾರ್ಗೋಸಾ ರಸ್ತೆಯ ಸೆಂಟ್ರಲ್ ಟಿಫಿನ್ ರೂಮ್ ಈಗ ಬೋರ್ಡಿನ ಮೇಲೆ 'ಶ್ರೀ ಸಾಗರ್' ಆಗಿದ್ದರೂ ಜನರ ಬಾಯಲ್ಲಿ ಸಿ.ಟಿ.ಆರ್. ಆಗಿಯೇ ಉಳಿದಿದೆ. ಅಲ್ಲಿನ ಬೆಣ್ಣೆ ಮಸಾಲೆ ಕೈಯಲ್ಲಿ ಮುರಿದರೆ ಸದ್ದು ಮಾಡುತ್ತದೆ, ಬಾಯಲ್ಲಿಟ್ಟರೆ ಬೆಣ್ಣೆಯಾಗುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಬೆಂಗಳೂರಿನಲ್ಲಿ ಇನ್ನೂ ತೀರ್ಪು ಬಂದಿಲ್ಲ. ದಪ್ಪ ದೋಸೆ ಬೇಕೆಂದರೆ ದಕ್ಷಿಣಕ್ಕೆ, ಗರಿಗರಿ ಬೇಕೆಂದರೆ ಉತ್ತರಕ್ಕೆ ಎಂದು ಹೇಳಿ ಜಾರಿಕೊಳ್ಳುವುದು ಜಾಣತನ. ಒಂದು ಮಾತು ಮಾತ್ರ ಎರಡಕ್ಕೂ ಅನ್ವಯಿಸುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಈ ಎರಡರ ಹತ್ತಿರವೂ ಸುಳಿಯಬಾರದು. ತುಪ್ಪ, ಬೆಣ್ಣೆ, ಆಲೂಗೆಡ್ಡೆ ಮೂರೂ ಸೇರಿ ಪರೀಕ್ಷಾ ಕೊಠಡಿಯಲ್ಲಿ ಕಣ್ಣಿಗೆ ನಿದ್ದೆ ಎಳೆದು ತರುತ್ತವೆ!

ಅಡುಗೆಮನೆಯ ಪಾಠ

ಊರಿನಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದೊಯ್ಯುವುದು? ಲಾಲ್‌ಬಾಗ್ ನೋಡಿ ದಣಿದವರಿಗೆ ಎಂ.ಟಿ.ಆರ್. ಎರಡು ಹೆಜ್ಜೆ. ಉಡುಪಿ ಕಡೆಯ ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂದು ತೆರೆದದ್ದು 1960ರಲ್ಲಿ 'ಮಾವಳ್ಳಿ ಟಿಫಿನ್ ರೂಮ್ಸ್' ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಲು ಹೋಗಿ ರವಾ ಇಡ್ಲಿ ಹುಟ್ಟಿತು ಎಂಬುದು ಆ ಮನೆಯ ಮಾತು. ಇಂದು ಕರ್ನಾಟಕದ ಯಾವ ಹೋಟೆಲಿನ ಪಟ್ಟಿಯಲ್ಲೂ ಅದಿಲ್ಲದೆ ಇಲ್ಲ. ಅಭಾವವೂ ಒಂದು ತಿಂಡಿ ಕಲಿಸಿಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ಬಗೆ ನೋಡಿ ಬಂದರು. ತಂದದ್ದು ಅಲ್ಲಿನ ತಿಂಡಿಗಳನ್ನಲ್ಲ, ಶುಚಿತ್ವದ ಶಿಸ್ತನ್ನು. ಪಾತ್ರೆ, ನೀರು, ಕೆಲಸಗಾರರ ಕೈ ಎಲ್ಲಕ್ಕೂ ನಿಯಮ ಬಂತು. ತುರ್ತು ಪರಿಸ್ಥಿತಿಯ ಕಾಲದ ಕಥೆ ಇನ್ನೂ ಸ್ವಾರಸ್ಯಕರ. ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ಗೊತ್ತುಮಾಡಿತು. ತುಪ್ಪ ಕಡಿಮೆ ಮಾಡಿದರೆ, ಇಡ್ಲಿ ಚಿಕ್ಕದು ಮಾಡಿದರೆ ಲೆಕ್ಕ ಸರಿಹೋಗುತ್ತಿತ್ತು. ಎಂ.ಟಿ.ಆರ್. ಹಾಗೆ ಮಾಡದೆ ನಷ್ಟದಲ್ಲೇ ಬಡಿಸಿತು, ದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿತು. ಕೊನೆಗೆ ಬಾಗಿಲು ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಪಕ್ಕದಲ್ಲೇ ಹಿಟ್ಟು, ಪುಡಿಗಳ ಅಂಗಡಿ ತೆರೆದದ್ದು ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಆ ಉದ್ಯಮ 2007ರಲ್ಲಿ ನಾರ್ವೆಯ ಕಂಪೆನಿಯೊಂದರ ಕೈಸೇರಿತು. ಹೋಟೆಲು ಮಾತ್ರ ಮತ್ತೆ ತೆರೆದು ಮಯ್ಯರ ಕುಟುಂಬದಲ್ಲೇ ಉಳಿದಿದೆ.

ಕಾಮರ್ಸ್ ಓದುವ ವಿದ್ಯಾರ್ಥಿಗೆ ಇದೊಂದು ಪಾಠವೇ ಸರಿ. ಆದರೆ ಎಂ.ಟಿ.ಆರ್. ಊಟ ಹುಡುಗರ ದಿನದ ಲೆಕ್ಕಕ್ಕೆ ಹೊಂದುವಂಥದ್ದಲ್ಲ. ಒಂದೊಂದಾಗಿ ಬಡಿಸುತ್ತ ಹೋಗುವ ಆ ಊಟಕ್ಕೆ ದುಡ್ಡಿನಷ್ಟೇ ಹೊತ್ತೂ ಬೇಕು, ಹಸಿವೂ ಬೇಕು. ಹೆತ್ತವರು ಬಂದಾಗ, ಬಿಲ್ಲು ಅವರೇ ಕೊಡುವಾಗ, ಅದು ಪ್ರಶಸ್ತ.

ನಿಂತು ತಿನ್ನುವ ಕಾಲ

ಹಾಗಾದರೆ ದಿನವೂ ತಿನ್ನುವುದೆಲ್ಲಿ? ಉತ್ತರ ಎಲ್ಲರಿಗೂ ಗೊತ್ತು, ದರ್ಶಿನಿಯಲ್ಲಿ.

1983ರಲ್ಲಿ ಜಯನಗರದಲ್ಲಿ 'ಕೆಫೆ ದರ್ಶಿನಿ' ತೆರೆಯಿತು. ಇದರ ಹಿಂದಿದ್ದದ್ದು ಆರ್. ಪ್ರಭಾಕರ್ ಅವರ ಕಲ್ಪನೆ. ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ. ಮೊದಲು ಗಲ್ಲದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು, ಚೀಟಿ ಕೊಟ್ಟು ತಟ್ಟೆ ಪಡೆಯಬೇಕು, ಎದೆಯೆತ್ತರದ ಮೇಜಿನ ಮುಂದೆ ನಿಂತು ತಿನ್ನಬೇಕು. ಕೂತರೆ ಅರ್ಧ ಗಂಟೆ ಹಿಡಿಯುವ ತಿಂಡಿ ನಿಂತರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅದೇ ಜಾಗದಲ್ಲಿ ಮೂರು ಪಟ್ಟು ಜನ, ಅರ್ಧದಷ್ಟು ಕೆಲಸಗಾರರು. ಹಾಗಾಗಿಯೇ ಇಡ್ಲಿಯ ಬೆಲೆ ಇಳಿಯಿತು. ಬಿಸಿಯೂ ಉಳಿಯಿತು, ಏಕೆಂದರೆ ತಿಂಡಿ ಒಲೆಯ ಮೇಲಿಂದ ನೇರ ತಟ್ಟೆಗೆ. ಹಿಂದಿನ ಹೋಟೆಲುಗಳಂತೆ ಒಳಗಿನ ಕತ್ತಲೆಯಲ್ಲಿ ಏನಾಗುತ್ತಿದೆ ಎಂಬ ಅನುಮಾನ ಬೇಡ, ಅಡುಗೆ ಎಲ್ಲ ಕಣ್ಣೆದುರಿಗೇ.

ದರ್ಶಿನಿ ಮಾಡಿದ ಇನ್ನೊಂದು ಉಪಕಾರವನ್ನು ಹೆಣ್ಣುಮಕ್ಕಳ ತಂದೆ-ತಾಯಿ ಗಮನಿಸಬೇಕು. ಹಳೆಯ ಹೋಟೆಲುಗಳಲ್ಲಿ ಒಂಟಿ ಹುಡುಗಿ ಒಳಗೆ ಬಂದರೆ ನೂರು ಕಣ್ಣು ತಿರುಗುತ್ತಿದ್ದವು, ಅವಳನ್ನು ಮರೆಯ 'ಫ್ಯಾಮಿಲಿ ರೂಮಿ'ಗೆ ಸಾಗಹಾಕುತ್ತಿದ್ದರು. ರಸ್ತೆಗೆ ತೆರೆದುಕೊಂಡ ದರ್ಶಿನಿಯಲ್ಲಿ ಹುಡುಗಿಯೊಬ್ಬಳು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಚೌ ಚೌ ಬಾತ್ ತಿಂದು ಬಸ್ಸು ಹಿಡಿಯಬಹುದು. ಯಾರೂ ಕೇಳುವುದಿಲ್ಲ, ಯಾರೂ ನೋಡುವುದಿಲ್ಲ.

ನಿಂತು ತಿನ್ನುವ ಪದ್ಧತಿ ದರ್ಶಿನಿಗಿಂತ ಹಳೆಯದು ಎಂಬುದಕ್ಕೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಸಾಕ್ಷಿ. 1965ರಿಂದ ನಡೆದುಬಂದಿರುವ ಈ ಪುಟ್ಟ ಅಂಗಡಿಯಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರೇ ಇಲ್ಲ! ಚಟ್ನಿ ಮಾತ್ರ ಕೇಳಿದಷ್ಟು. ಸಾಂಬಾರಿಲ್ಲದ ಇಡ್ಲಿಯೇ ಎಂದು ಮೂಗು ಮುರಿದವರು ಆ ಚಟ್ನಿಗಾಗಿ ಎರಡನೆಯ ಸಲ ತಟ್ಟೆ ಹಿಡಿದು ನಿಲ್ಲುತ್ತಾರೆ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನದೂ ಅದೇ ಬಗೆ. ಅಂಗಡಿ ಅಂಗೈಯಗಲ, ಗಿರಾಕಿಗಳು ಫುಟ್‌ಪಾತಿನುದ್ದಕ್ಕೂ. ನಾಲ್ಕೇ ತಿಂಡಿ ಮಾಡುವವನು ನಾಲ್ಕನ್ನೂ ಚೆನ್ನಾಗಿ ಮಾಡುತ್ತಾನೆ. ಅದೇ ಗೋಡೆಯ ತುಂಬ ನೂರೈವತ್ತು ತಿನಿಸುಗಳ ಹೆಸರು ಬರೆಸಿ, ಉತ್ತರ ಭಾರತದ ಜೊತೆಗೆ ಚೀನಾವನ್ನೂ ಒಂದೇ ಬಾಣಲೆಯಲ್ಲಿ ಹುರಿಯುವ ಕಡೆ ಹಸಿದ ಹುಡುಗ ಹುಷಾರಾಗಿರುವುದು ಒಳ್ಳೆಯದು.

ಊಟದ ವಿಷಯಕ್ಕೆ ಬಂದರೆ ಮಾತು ಬೇರೆ. ವಿಜಯಪುರದಿಂದ, ಕಲಬುರ್ಗಿಯಿಂದ ಬಂದ ಹುಡುಗನಿಗೆ ಬೆಳಿಗ್ಗೆ ಇಡ್ಲಿ, ಸಂಜೆ ದೋಸೆ ಸಿಕ್ಕಿಯೂ ಹೊಟ್ಟೆ ತುಂಬಿದಂತೆ ಆಗುವುದಿಲ್ಲ. ಅವನಿಗೆ ಬೇಕಾದದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉತ್ತರ ಕರ್ನಾಟಕದ ಖಾನಾವಳಿಗಳು ಈಗ ಬೆಂಗಳೂರಿನ ಹಲವು ಬಡಾವಣೆಗಳಲ್ಲಿವೆ. ಮಂಡ್ಯದ ಕಡೆಯ ಹುಡುಗನಿಗೆ ಮುದ್ದೆಯ ಮೆಸ್ಸು ಬೇಕು, ಮಾಂಸದೂಟದವರಿಗೆ ಮಿಲಿಟರಿ ಹೋಟೆಲು ಬೇಕು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಊರಿನ ಎಲ್ಲ ಮೂಲೆಯಿಂದ ಜನ ಬರುತ್ತಾರೆ. ಕೈಯಲ್ಲಿ ಕಾಸೇ ಇಲ್ಲದ ತಿಂಗಳ ಕೊನೆಗೆ ಇಂದಿರಾ ಕ್ಯಾಂಟೀನ್ ನೆನಪಿರಲಿ. 2017ರ ಆಗಸ್ಟ್‌ನಲ್ಲಿ ಅದು ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅಲ್ಲಿ ಸಾಲಿನಲ್ಲಿ ನಿಲ್ಲಲು ವಿದ್ಯಾರ್ಥಿ ನಾಚಬೇಕಾದದ್ದೇನೂ ಇಲ್ಲ. ವಾರಾನ್ನದ ಹುಡುಗ ಏಳು ಮನೆಯವರ ಮುಖ ನೋಡಬೇಕಾಗಿತ್ತು, ಇವನಿಗೆ ಆ ಹಂಗಿಲ್ಲ.

ಒಂದು ಕಾಫಿ, ಎರಡು ಗಂಟೆ

ಇಷ್ಟೆಲ್ಲ ಗುಣವಿರುವ ದರ್ಶಿನಿ ಒಂದನ್ನು ಮಾತ್ರ ಕಸಿದುಕೊಂಡಿತು, ಕುರ್ಚಿಯನ್ನು.

ವಿದ್ಯಾರ್ಥಿಗೆ ಹೋಟೆಲ್ ಕುರ್ಚಿ ಎಂದರೆ ಏನೆಂದು ತಿಳಿಯಲು 'ಬೈ ಟು' ಕಾಫಿಯ ಅರ್ಥಶಾಸ್ತ್ರ ಗೊತ್ತಿರಬೇಕು. ಒಂದು ಕಾಫಿಗೆ ದುಡ್ಡು ಕೊಟ್ಟು ಎರಡು ಲೋಟ ತರಿಸುವ ಈ ಏರ್ಪಾಡಿನಲ್ಲಿ ಕುಡಿಯುವುದು ಅರ್ಧ ಕಾಫಿ, ಆಡುವುದು ಒಂದಿಡೀ ಸಂಜೆಯ ಮಾತು. ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಮಂಚ, ಲೈಬ್ರರಿಯಲ್ಲಿ ಮಾತಾಡುವಂತಿಲ್ಲ, ಪಾರ್ಕಿನಲ್ಲಿ ಮಳೆ. ಓದಿದ ಕಾದಂಬರಿ, ನೋಡಿದ ನಾಟಕ, ಸೋತ ಚುನಾವಣೆ, ಸಿಗದ ಕೆಲಸ ಇವನ್ನೆಲ್ಲ ಎಲ್ಲಿ ಕೂತು ಮಾತಾಡುವುದು?

ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಈ ಪ್ರಶ್ನೆಗೆ ಬಹಳ ವರ್ಷ ಉತ್ತರವಾಗಿತ್ತು. ಅದರ ಹುಟ್ಟೇ ಒಂದು ಹೋರಾಟದ ಕಥೆ. ಕಾಫಿ ಮಂಡಲಿ ನಡೆಸುತ್ತಿದ್ದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ ಬೆಂಗಳೂರಿನಲ್ಲೇ. ಬಿಳಿಯ ಸಮವಸ್ತ್ರ, ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ ಕಟ್ಟಿ ಕಾಫಿ ತಂದುಕೊಡುವವರೇ ಹೋಟೆಲಿನ ಪಾಲುದಾರರು. ಹೊರಡು ಎಂದು ಅವಸರಪಡಿಸುವ ಮಾಲೀಕನೇ ಇಲ್ಲದ ಕಡೆ ವಿದ್ಯಾರ್ಥಿ ಎರಡು ಗಂಟೆ ಕೂತದ್ದರಲ್ಲಿ ಆಶ್ಚರ್ಯವೇನಿದೆ? 2009ರಲ್ಲಿ ಅದು ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಕಾಫಿ ಅದೇ, ಪೇಟವೂ ಅದೇ. ರಸ್ತೆಯ ಕಡೆ ಮುಖಮಾಡಿದ್ದ ಹಳೆಯ ಮೇಜುಗಳನ್ನು ನೆನೆದು ನಿಟ್ಟುಸಿರು ಬಿಡುವವರು ಈಗಲೂ ಇದ್ದಾರೆ.

ಇಂಥ ಜಾಗಗಳು ಒಂದೊಂದಾಗಿ ಹೋಗುತ್ತಿವೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಬಟನ್ ಇಡ್ಲಿಗೂ ಹಸಿರು ಮಸಾಲೆ ಇಡ್ಲಿಗೂ ಹೆಸರಾಗಿದ್ದ ಅಲ್ಲಿ ಮೊಮ್ಮಕ್ಕಳನ್ನು ಕರೆತಂದ ಅಜ್ಜಂದಿರು ತಾವು ವಿದ್ಯಾರ್ಥಿಯಾಗಿದ್ದಾಗ ಕೂತ ಮೇಜನ್ನು ತೋರಿಸಬಹುದಾಗಿತ್ತು. ದೊಡ್ಡ ರಸ್ತೆಯ ಜಾಗಕ್ಕೆ ಇವತ್ತಿರುವ ಬೆಲೆಯ ಮುಂದೆ ಒಂದು ಲೋಟ ಕಾಫಿಗೆ ಒಂದು ಗಂಟೆ ಕೂರುವ ಗಿರಾಕಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಈಗಿನ ಹೊಸ ಕೆಫೆಗಳಲ್ಲಿ ಕುರ್ಚಿ ಇದೆ, ಮೆತ್ತೆಯೂ ಇದೆ, ತಂಪು ಗಾಳಿಯೂ ಇದೆ. ಆದರೆ ಅಲ್ಲಿನ ಒಂದು ಕಾಫಿಯ ಬೆಲೆಗೆ ದರ್ಶಿನಿಯಲ್ಲಿ ಇಬ್ಬರ ತಿಂಡಿ ಮುಗಿಯುತ್ತದೆ. ಕುರ್ಚಿ ಬೆಂಗಳೂರಿನಿಂದ ಮಾಯವಾಗಿಲ್ಲ, ಅದರ ಬಾಡಿಗೆ ಕಾಫಿಯ ಬಿಲ್ಲಿನೊಳಗೆ ಸೇರಿಕೊಂಡಿದೆ.

ಕುರ್ಚಿ ಯಾರಿಗೆ?

ಹಳೆಯ ಹೋಟೆಲುಗಳನ್ನು ಹೊಗಳುವ ಭರದಲ್ಲಿ ಒಂದು ಸತ್ಯ ಮರೆಯಬಾರದು. ಆ ಕುರ್ಚಿಗಳು ಎಲ್ಲರಿಗೂ ಇರಲಿಲ್ಲ. ಹೋಟೆಲಿನ ಹೆಸರಿನಲ್ಲೇ ಜಾತಿ ಇದ್ದ ಕಾಲದಲ್ಲಿ ಕೆಲವರಿಗೆ ಒಳಗಿನ ಕೋಣೆ, ಕೆಲವರಿಗೆ ಹೊರಗಿನ ಬೆಂಚು, ಇನ್ನು ಕೆಲವರಿಗೆ ಬಾಗಿಲಾಚೆಯ ಪ್ರತ್ಯೇಕ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿ ಧರ್ಮಗಳ ಕಾರಣದಿಂದ ಅಂಗಡಿ, ಹೋಟೆಲುಗಳಿಗೆ ಯಾರ ಪ್ರವೇಶವನ್ನೂ ತಡೆಯಬಾರದೆಂದು ಸ್ಪಷ್ಟವಾಗಿ ಹೇಳಿತು. ಸಿವಿಕ್ಸ್ ಪುಸ್ತಕದಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡುವ ಆ ವಿಧಿಯ ಅರ್ಥ, ಗಾಂಧಿ ಬಜಾರಿನಲ್ಲಿ ನಾಲ್ವರು ಅಪರಿಚಿತರು ಒಂದೇ ಮೇಜಿಗೆ ಕೂರುವಾಗ ಕಣ್ಣಿಗೆ ಕಾಣುತ್ತದೆ.

ಮೇಜಿನ ಇನ್ನೊಂದು ಬದಿಯ ಕಥೆಯೂ ಇದೆ. ಕರಾವಳಿಯ ಹಳ್ಳಿಗಳಿಂದ ಬಸ್ಸು ಹತ್ತಿ ಬಂದು ಹೋಟೆಲು ಸೇರಿದ ಹುಡುಗರೆಷ್ಟೋ. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಮೀಸೆ ಬಂದ ಮೇಲೆ ಸಪ್ಲೈಯರ್. ಕೆಲವರು ರಾತ್ರಿ ಶಾಲೆಗೆ ಹೋಗಿ ಓದಿ ಮುಂದೆ ಬಂದರು. ಹೋಗಲಾಗದವರು ಹೆಚ್ಚು. ದೋಸೆ ತಿನ್ನುತ್ತಿದ್ದ ವಿದ್ಯಾರ್ಥಿಗೂ ತಟ್ಟೆ ಎತ್ತುತ್ತಿದ್ದ ಹುಡುಗನಿಗೂ ವಯಸ್ಸು ಒಂದೇ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಸಣ್ಣ ಹುಡುಗನನ್ನು ದುಡಿಸುವುದು ಕಂಡರೆ, ಅಲ್ಲಿನ ಇಡ್ಲಿ ಎಷ್ಟೇ ಮೃದುವಾಗಿರಲಿ, ಅದು ಒಳ್ಳೆಯ ಹೋಟೆಲಲ್ಲ.

ಹೋಟೆಲ್ ಪರೀಕ್ಷಿಸುವ ಬಗೆ

ಹೊಸ ಬಡಾವಣೆಯಲ್ಲಿ ಕೋಣೆ ಹಿಡಿದ ವಿದ್ಯಾರ್ಥಿಗೆ ಹೆಸರಾಂತ ಹೋಟೆಲುಗಳು ದೂರವೇ ಇರುತ್ತವೆ. ಅವನು ತನ್ನ ಬೀದಿಯ ಹೋಟೆಲನ್ನೇ ಅಳೆದು ನೋಡಬೇಕು. ಮಸಾಲೆ ದೋಸೆ ತಿಂದು ಹೋಟೆಲನ್ನು ಅಳೆಯಬಾರದು, ಎಣ್ಣೆ, ತುಪ್ಪ, ಖಾರ ಎಷ್ಟೋ ತಪ್ಪನ್ನು ಮುಚ್ಚಿಹಾಕುತ್ತವೆ. ಇಡ್ಲಿ ತಿನ್ನಬೇಕು. ಹಿಟ್ಟು ಹದವಾಗಿ ಹುದುಗಿದ್ದರೆ ಸಣ್ಣ ಹುಳಿ ಇರುತ್ತದೆ. ಸೋಡಾ ಹಾಕಿ ಉಬ್ಬಿಸಿದ್ದರೆ ನಾಲಿಗೆಗೆ ಸವುಳು ಹತ್ತುತ್ತದೆ. ಚಟ್ನಿ ಮೂಸಬೇಕು, ತೆಂಗಿನಕಾಯಿ ಹಳಸಿದ್ದರೆ ಮೂಗಿಗೆ ತಿಳಿಯುತ್ತದೆ. ಲೋಟದ ಅಂಚು, ಕೈ ತೊಳೆಯುವ ಜಾಗ, ಮೇಜು ಒರೆಸುವ ಬಟ್ಟೆ ಈ ಮೂರನ್ನು ನೋಡಿದರೆ ಅಡುಗೆಮನೆಯೊಳಗೆ ಇಣುಕಬೇಕಾದ ಅಗತ್ಯವಿಲ್ಲ. ಗಿರಾಕಿಗಳು ಹೆಚ್ಚಿರುವ ಹೊತ್ತಿಗೆ ಹೋಗಬೇಕು, ಜನ ಹೆಚ್ಚಿದ್ದಾಗ ತಿಂಡಿ ಬಿಸಿಯಾಗಿರುತ್ತದೆ, ನಿನ್ನೆಯದು ಉಳಿದಿರುವುದಿಲ್ಲ.

ಇನ್ನೊಂದು ಮಾತು. ದಿನಕ್ಕೊಂದು ಹೊಸ ಹೋಟೆಲು ಹುಡುಕುವ ಚಪಲಕ್ಕಿಂತ ಒಂದೇ ಹೋಟೆಲಿಗೆ ದಿನವೂ ಹೋಗುವುದು ವಿದ್ಯಾರ್ಥಿಗೆ ಮೇಲು. ತಿಂಗಳಾಗುವಷ್ಟರಲ್ಲಿ ಗಲ್ಲದ ಮೇಲೆ ಕೂತವರಿಗೆ ಅವನ ಮುಖ ಗೊತ್ತಾಗುತ್ತದೆ. ಕೇಳದೆಯೇ ಸಕ್ಕರೆ ಕಡಿಮೆ ಕಾಫಿ ಬರುತ್ತದೆ. ಎರಡು ದಿನ ಕಾಣಿಸದಿದ್ದರೆ 'ಯಾಕಪ್ಪ, ಹುಷಾರಿರಲಿಲ್ವಾ?' ಎಂಬ ವಿಚಾರಣೆ ನಡೆಯುತ್ತದೆ. ಲಕ್ಷಾಂತರ ಜನರ ಈ ಊರಿನಲ್ಲಿ ಹದಿನೆಂಟರ ಹುಡುಗನೊಬ್ಬ ಬಂದನೋ ಇಲ್ಲವೋ ಎಂದು ಗಮನಿಸುವವರು ಇನ್ನೆಷ್ಟು ಜನ ಇರುತ್ತಾರೆ? ಮೊಬೈಲಿನಲ್ಲಿ ತರಿಸಿಕೊಂಡು ಕೋಣೆಯ ಬಾಗಿಲು ಹಾಕಿ ತಿನ್ನುವ ಊಟಕ್ಕೆ ರುಚಿ ಇರಬಹುದು, ಈ ವಿಚಾರಣೆ ಇರುವುದಿಲ್ಲ.

ಆದ್ದರಿಂದ ಹೆತ್ತವರು ಮಕ್ಕಳಿಗೆ ಕೋಣೆ ನೋಡಲು ಬಂದಾಗ ಗೋಡೆ, ಕಿಟಕಿ, ನಲ್ಲಿ ನೋಡಿದ ಮೇಲೆ ಬೀದಿಯ ತುದಿಯ ಹೋಟೆಲಿಗೂ ಒಮ್ಮೆ ಹೋಗಿ ಎರಡು ಇಡ್ಲಿ ತಿಂದು ಬರಬೇಕು. ಸಾಧ್ಯವಾದರೆ ಒಂದಾದರೂ ಕುರ್ಚಿ ಇರುವ ಹೋಟೆಲಿಗೆ. ಫೋನಿನಲ್ಲಿ 'ಊಟ ಆಯ್ತಾ?' ಎಂದು ಕೇಳುವ ವಾಡಿಕೆ ಇದ್ದೇ ಇದೆ. ಅದರ ಜೊತೆಗೆ, 'ಯಾರ ಜೊತೆ ಕೂತು ಊಟ ಮಾಡಿದೆ?' ಎಂದೂ ಕೇಳಿದರೆ ಮಗುವಿನ ಕ್ಷೇಮಸಮಾಚಾರ ಇನ್ನಷ್ಟು ಚೆನ್ನಾಗಿ ತಿಳಿದೀತು.